ಅಪ್ಪನ ಮಾತಿನ ವೋಲ್ಟೇಜು

ಸೋಮವಾರ ಬೆಳಿಗ್ಗೆ ಅಪ್ಪ ಚಹಾ ಕೇಳಿದ. ಪೆಟ್ಟಿಗೆ ಕಷಾಯ ಎಂದಿತು. ಅವ್ವ ಕಷಾಯ ಕಾಸಿ ತಂದಳು. ಅಪ್ಪ ಲೋಟದೊಳಗೆ ಇಣುಕಿ, ಎಡಗೈಯಿಂದ ಅದನ್ನು ಹಿಂದಕ್ಕೆ ಸರಿಸಿ, ಮತ್ತೆ ಕೇಳಿದ. ಪೆಟ್ಟಿಗೆ ಈ ಸಲ ಇನ್ನಷ್ಟು ಸ್ಪಷ್ಟವಾಗಿ, ಅಪ್ಪನದೇ ದನಿಯಲ್ಲಿ, "ಕಷಾಯ ತಾ" ಎಂದಿತು.

"ಮುಂದ ಇಟ್ಟೇನಲ್ಲ! ಕುಡಿಯೋದಾದ್ರ ಕುಡೀರಿ, ಇಲ್ಲಾಂದ್ರ ಸುಮ್ಮನ ಕುಂದರ್ರಿ," ಎಂದಳು ಅವ್ವ.

ಅಪ್ಪ ನನ್ನ ಕಡೆ ತಿರುಗಿದ. ಅವನ ಕೊರಳಪಟ್ಟಿಯ ಹಸಿರು ದೀಪ ಮಿನುಗಿತು. ಅವನು ಹೇಳಹೊರಟದ್ದು ನನ್ನ ಹೆಸರು, ಕಸ್ತೂರಿ. ಅದರಲ್ಲಿ ಸಂಶಯವಿಲ್ಲ, ಆ ನೋಟ ನನಗೆ ಗೊತ್ತು. ಪೆಟ್ಟಿಗೆ "ಅಂತೋನಿ" ಎಂದಿತು.

ಅವ್ವನ ಕೈಯ ತಟ್ಟೆ ಟಣ್ಣೆಂದಿತು. ಅಂತೋನಿ ಮಾಮಾ ಹುಬ್ಬಳ್ಳಿಯ ರೈಲ್ವೆ ವರ್ಕಶಾಪಿನಲ್ಲಿ ಮೂವತ್ತೊಂದು ವರ್ಷ ಅಪ್ಪನ ಪಕ್ಕದ ಲೇಥಿನಲ್ಲಿ ನಿಂತಿದ್ದವರು. ತೀರಿಕೊಂಡು ಆರು ವರ್ಷವಾಗಿದೆ.

"ಮುಂಜಾನೆದ್ದು ಸತ್ತವರನ್ನ ಕರೀತಾರಲ್ಲ ಇವರು," ಎಂದು ಅವ್ವ ದೇವರ ಗೂಡಿನ ಕಡೆ ಓಡಿದಳು. ನಾನು ಪೆಟ್ಟಿಗೆಯ ಕಡೆ ಓಡಿದೆ. ಅದರ ಮುಖದ ಪುಟ್ಟ ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ಬರೆದಿತ್ತು: ಅಪ್‌ಡೇಟ್ ಯಶಸ್ವಿಯಾಗಿದೆ.

ಯಶಸ್ವಿಯಂತೆ. ಆ ಶಬ್ದವನ್ನು ನಾನು ದಿನಚರಿಯಲ್ಲಿ ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದ್ದೇನೆ.

ಪಾರ್ಶ್ವವಾಯು ಅಪ್ಪನ ಬಲಗೈಯ ಜೊತೆಗೆ ಮಾತನ್ನೂ ತೆಗೆದುಕೊಂಡು ಹೋಗಿ ಎರಡೂವರೆ ವರ್ಷವಾಯಿತು. ಹೇಳಬೇಕೆಂದದ್ದು ತಲೆಯಲ್ಲಿರುತ್ತದೆ, ಬಾಯಿಗೆ ಬರುವುದಿಲ್ಲ. 'ಮಾತಾಸರೆ' ಎಂಬ ಯೋಜನೆಯಡಿ ಸರಕಾರ ಇಂಥವರಿಗೆ ಒಂದು ಕೊರಳಪಟ್ಟಿ ಮತ್ತು ಒಂದು ಪೆಟ್ಟಿಗೆ ಕೊಡುತ್ತದೆ. ಗಂಟಲಿನ ನರಗಳು ಒಂದು ಪದಕ್ಕಾಗಿ ತಡಕಾಡುವಾಗ ಆಗುವ ಸಣ್ಣ ಅದುರನ್ನು ಪಟ್ಟಿ ಹಿಡಿಯುತ್ತದೆ. ಯಾವ ಅದುರಿಗೆ ಯಾವ ಪದ ಎಂಬುದನ್ನು ಪೆಟ್ಟಿಗೆ ಕಲಿತು, ಹಳೆಯ ಫೋನುಗಳಲ್ಲಿ ಉಳಿದಿದ್ದ ಅವರದೇ ದನಿಯಲ್ಲಿ ನುಡಿಯುತ್ತದೆ. ಕಲಿಯಲು ವರ್ಷವೇ ಬೇಕು. ಅಪ್ಪನ ಪೆಟ್ಟಿಗೆ ಮೊದಲ ತಿಂಗಳು "ಹೂಂ" ಮತ್ತು "ಬ್ಯಾಡ" ಬಿಟ್ಟು ಏನೂ ಹೇಳಲಿಲ್ಲ. ಈಗ ಅವ್ವನ ಜೊತೆ ಜಗಳ ಆಡುವಷ್ಟು ಬಂದಿತ್ತು.

ಪೆಟ್ಟಿಗೆ ಪದಗಳನ್ನು ನಿಘಂಟಿನ ಹಾಗೆ ಅಕ್ಷರಕ್ರಮದಲ್ಲಿ ಇಟ್ಟುಕೊಳ್ಳುವುದಿಲ್ಲ. ಆ ಮನುಷ್ಯನ ತಲೆಯಲ್ಲಿ ಯಾವುದು ಯಾವುದರ ಪಕ್ಕದ ಮನೆಯಲ್ಲಿದೆಯೋ ಹಾಗೆ ಇಡುತ್ತದೆ. ಅದರೊಳಗಿನ ಎರಡು ಮೆಮೊರಿ ಕಡ್ಡಿಗಳಲ್ಲಿ ಒಂದು ಊರೇ ಇದೆ ಎನ್ನಿ. ಈ ಕಡ್ಡಿಗಳು ಕರೆಂಟು ಹೋದರೂ ಮರೆಯುವುದಿಲ್ಲ. ಆದರೆ ಅವಕ್ಕೊಂದು ಕೆಟ್ಟ ಗುಣ: ಓದಿದರೆ ಅಳಿಯುತ್ತವೆ. ಓದಿದ ಕೂಡಲೇ ಓದಿದ್ದನ್ನೇ ಮತ್ತೆ ಬರೆಯಬೇಕು. ಸಾಕಷ್ಟು ವೋಲ್ಟೇಜು ಇದ್ದರೆ ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಲಕ್ಷ ಸಲ ನಡೆದುಹೋಗುತ್ತದೆ. ಕಡಿಮೆಯಾದರೆ ಪಕ್ಕದ ಮನೆಯ ಬಾಗಿಲು ಬಡಿದು, ಅಲ್ಲಿ ಸಿಕ್ಕಿದ್ದನ್ನೇ ಸರಿ ಎಂದು ಬರೆದುಬಿಡುತ್ತವೆ. ಅಂದರೆ ಅಪ್ಪ ಮಾತಾಡಿದಷ್ಟೂ ಅಪ್ಪನ ಮಾತು ಕೆಡುತ್ತದೆ.

ಇನ್ನೊಂದು ಪ್ರತಿ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇಲ್ಲ. ಸಾವಿರಾರು ರೋಗಿಗಳ ಮನೆಮಾತು ಒಮ್ಮೆ ಎಲ್ಲಿಂದಲೋ ಸೋರಿ ಬೀದಿಗೆ ಬಂದ ಮೇಲೆ, ಮಾತು ಪೆಟ್ಟಿಗೆ ಬಿಟ್ಟು ಹೊರಗೆ ಹೋಗಬಾರದು ಎಂದು ಕಾನೂನು ಮಾಡಿದ್ದಾರೆ. ಒಳ್ಳೆಯ ಕಾನೂನೇ. ಆದರೆ ಕೆಟ್ಟರೆ ಕೆಟ್ಟಿತು.

ಇದಿಷ್ಟೇ ಆಗಿದ್ದರೆ ಪೆಟ್ಟಿಗೆ ಆರಿಸಿ, ದುರಸ್ತಿ ಆಗುವ ತನಕ ಕಾಯಬಹುದಿತ್ತು. ಗುರುವಾರ ಹನ್ನೊಂದು ಗಂಟೆಗೆ ತಪಾಸಣೆಯವರು ಮನೆಗೆ ಬರುವವರಿದ್ದರು. ಎರಡು ವರ್ಷ ತುಂಬಿದ ಪೆಟ್ಟಿಗೆಗೆಲ್ಲ ತಪಾಸಣೆ. ನಲವತ್ತು ಚಿತ್ರ ತೋರಿಸುತ್ತಾರೆ. ಎರಡು ತಪ್ಪಿನವರೆಗೆ ಮಾಫಿ. ಮೂರನೆಯದು ತಪ್ಪಿದರೆ "ಫಲಾನುಭವಿಗೆ ಪ್ರಯೋಜನವಾಗುತ್ತಿಲ್ಲ" ಎಂದು ಬರೆದು, ಕಡ್ಡಿಗಳನ್ನು ಒರೆಸಿ, ಪೆಟ್ಟಿಗೆಯನ್ನು ಪಾಳಿಯಲ್ಲಿರುವ ಮುಂದಿನವರಿಗೆ ಕೊಡುತ್ತಾರೆ. ಪಾಳಿಯಲ್ಲಿ ಒಂಬತ್ತು ನೂರು ಜನ ಇದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಪ್‌ಡೇಟಿನ ಮೇಲೆ ಇತ್ತು.

ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು. ಗೊತ್ತಿಲ್ಲದವರ ಜೊತೆ ಮಾತಾಡುವುದಕ್ಕಿಂತ ಯಂತ್ರದ ಜೊತೆ ಗುದ್ದಾಡುವುದು ನನಗೆ ಸುಲಭ. ಮಂಗಳವಾರ ಬೆಳಿಗ್ಗೆ ಅಪ್ಪನ ಕೊರಳಪಟ್ಟಿ ಬಿಚ್ಚಿಸಿ, ಪೆಟ್ಟಿಗೆಗೆ ಕೀಬೋರ್ಡು ಸಿಕ್ಕಿಸಿ, ಮದರ್‌ಬೋರ್ಡಿನ ಸೆಟ್ಟಿಂಗು ತೆರೆದೆ. ಎರಡು ಸಾಲು ಇತ್ತು. ಮೊದಲ ಕಡ್ಡಿ: ಕೊಟ್ಟದ್ದು 1.20 ವೋಲ್ಟು, ತಲುಪಿದ್ದು 1.20. ಎರಡನೆಯ ಕಡ್ಡಿ: ಕೊಟ್ಟದ್ದು 1.20, ತಲುಪಿದ್ದು 1.07.

ಸಿಕ್ಕಿತಲ್ಲ ಎಂದುಕೊಂಡೆ. ಎರಡನೆಯದಕ್ಕೆ 1.35 ಎಂದು ಬರೆದು ಉಳಿಸಿ, ಪೆಟ್ಟಿಗೆಯನ್ನು ಆರಿಸಿ ಹಚ್ಚಿದೆ. ಮತ್ತೆ 1.20. ಇನ್ನೊಮ್ಮೆ ಬರೆದೆ, ಮತ್ತೆ 1.20. ಮೂರನೆಯ ಸಲ ಬರೆಯುವಾಗ ಆ ಸಾಲೇ ಬೂದು ಬಣ್ಣಕ್ಕೆ ತಿರುಗಿ, "ನಿಮ್ಮ ಸುರಕ್ಷತೆಗಾಗಿ ಈ ಆಯ್ಕೆಯನ್ನು ಮುಚ್ಚಲಾಗಿದೆ" ಎಂದಿತು. ಹಳೆಯ ಆವೃತ್ತಿಗೆ ಮರಳೋಣವೆಂದರೆ "ಮರಳಲು ಅವಕಾಶವಿಲ್ಲ". ನನ್ನ ಸುರಕ್ಷತೆಯ ಬಗ್ಗೆ ಇಷ್ಟು ಕಾಳಜಿ ನನ್ನ ಹೆತ್ತವರಿಗೂ ಇಲ್ಲ.

ಪಕ್ಕದ ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಿದೆ. ಸುಟ್ಟ ವಾಸನೆ ಇಲ್ಲ, ಇರುವೆ ಇಲ್ಲ, ಧೂಳೂ ಅಷ್ಟಿಲ್ಲ. ಕಡ್ಡಿಗಳ ನೆತ್ತಿಯ ಮೇಲೆ ಹೋದ ದಸರೆಯ ಖಂಡೆ ಪೂಜೆಯಲ್ಲಿ, ಅಂದರೆ ಆಯುಧಪೂಜೆಯಲ್ಲಿ, ಇಟ್ಟ ಕುಂಕುಮದ ಬೊಟ್ಟು ಒಣಗಿ ಕೂತಿತ್ತು. ಅದನ್ನು ನೋಡಿ ಒಂದು ಕ್ಷಣ ಸಮಾಧಾನವೇ ಆಯಿತು. ಕಡ್ಡಿಗಳನ್ನು ಮುಟ್ಟಲು ಧೈರ್ಯ ಬರಲಿಲ್ಲ. ಕೈಯ ಸ್ಥಿರವಿದ್ಯುತ್ತಿನ ಒಂದು ಕಿಡಿಗೆ ಹಾಳಾಗುತ್ತವೆ ಎಂದು ಕೈಪಿಡಿಯಲ್ಲಿ ಕೆಂಪಕ್ಷರದಲ್ಲಿದೆ. ಮುಚ್ಚಳ ಹಾಕಿದೆ.

ಉಳಿದದ್ದು ಸಹಾಯವಾಣಿ. ಹೇಳಬೇಕಾದ್ದನ್ನೆಲ್ಲ ಮೊದಲು ದಿನಚರಿಯ ಹಿಂದಿನ ಪುಟದಲ್ಲಿ ಬರೆದುಕೊಂಡೆ: ನಮಸ್ಕಾರ, ನನ್ನ ಹೆಸರು ಕಸ್ತೂರಿ ಅಣ್ಣಿಗೇರಿ, ಫಕೀರಪ್ಪ ಅಣ್ಣಿಗೇರಿ ಅವರ ಮಗಳು. ಅಷ್ಟೆಲ್ಲ ತಯಾರಿ ಮಾಡಿದ ಮೇಲೆ ಅತ್ತ ಕಡೆ ಎತ್ತಿದ್ದು ಯಂತ್ರ. "ನಿಮ್ಮ ಮಾತು ನಮಗೆ ಮುಖ್ಯ," ಎಂದಿತು. ಆಮೇಲೆ ಇಪ್ಪತ್ತೆರಡು ನಿಮಿಷ ಕೊಳಲು. ಕೊನೆಗೆ ಬಂದ ಮನುಷ್ಯ ನನ್ನ ಬರಹದ ಎರಡನೆಯ ಸಾಲು ಮುಗಿಯುವ ಮೊದಲೇ, "ಮೇಡಂ, ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿದ್ರಾ?" ಎಂದ.

"ಹನ್ನೊಂದ್ ಸಲ ಮಾಡೇನ್ರಿ."

"ಹನ್ನೆರಡನೇ ಸಲ ಮಾಡಿ, ನಾನು ಲೈನಲ್ಲೇ ಇರ್ತೀನಿ."

ಮಾಡಿದೆ. ಅವನು ಲೈನಿನಲ್ಲಿ ಇರಲಿಲ್ಲ.

ನಾನು ಫೋನಿನಲ್ಲಿದ್ದಾಗ ಅಪ್ಪ ಎಡಗೈಯಲ್ಲೇ ಒದ್ದಾಡಿ ಕೊರಳಪಟ್ಟಿ ಹಾಕಿಕೊಂಡಿದ್ದ. ಪರದೆಯ ಮೇಲಿನ ಎರಡು ಸಾಲನ್ನು ಅವನೂ ನೋಡಿದ್ದ. ಈಗ ಬೆರಳನ್ನು ಹುಬ್ಬುಗಳ ನಡುವೆ ಒತ್ತಿ ಒತ್ತಿ ತೋರಿಸುತ್ತ, "ಅಂತೋನಿ, ಖಾರಪುಡಿ!" ಎಂದ.

"ತಲಿ ನೋಯ್ತದೇನಪ್ಪಾ?"

"ಬ್ಯಾಡ," ಎಂದ. ಆ ಮೊದಲ ತಿಂಗಳ ಪದ ಇನ್ನೂ ಗಟ್ಟಿಯಾಗಿತ್ತು. ಮತ್ತೆ ಹಣೆ ತೋರಿಸಿದ. "ಖಾರಪುಡಿ. ಅಂತೋನಿ. ಖಾರಪುಡಿ!"

ಒಲೆಯ ಮುಂದಿದ್ದ ಅವ್ವ ಸೌಟು ಹಿಡಿದೇ ಬಂದಳು. "ಖಾರ ಕಡಿಮಿ ಆತೇನು? ಡಾಕ್ಟರ್ ಖಾರ ಬ್ಯಾಡ ಅಂದಾರ, ನಾ ಅಲ್ಲ. ಹಣಿ ಬಡಕೊಂಡ್ರ ಪಲ್ಯಾಕ್ಕ ಖಾರ ಬೀಳೂದಿಲ್ಲ."

"ಅವ್ವಾ, ಅಪ್ಪ ಹಣಿಬರಾ ಅನ್ನಾಕತ್ತಾನ ಕಾಣ್ತದ," ಎಂದೆ ನಾನು, ಬಹಳ ತಿಳಿದವಳ ಹಾಗೆ.

ಅಪ್ಪ ನನ್ನನ್ನು ನೋಡಿದ ನೋಟವನ್ನು ನಾನು ಬಹಳ ದಿನ ಮರೆಯಲಾರೆ. ವರ್ಕಶಾಪಿನಲ್ಲಿ ಹೊಸದಾಗಿ ಸೇರಿದವರು ಉಲ್ಟಾ ಬೋಲ್ಟು ತಿರುಗಿಸಿದಾಗ ಹೀಗೇ ನೋಡುತ್ತಿದ್ದಿರಬೇಕು.

"ಅಪ್ಪಾ, ನೀ ಮಾತಾಡಿದಷ್ಟೂ ಕೆಡ್ತದ. ದಮ್ಮಯ್ಯಾ ಅಂತೇನಿ, ಸುಮ್ಮನಿರು," ಎಂದು ಪಟ್ಟಿಯನ್ನು ಬಿಚ್ಚಿದೆ. ಅಂದು ಸಂಜೆಯೊಳಗೆ ಅವನು ಮತ್ತೆ ಐದು ಸಲ ಹಾಕಿಕೊಂಡ, ಐದು ಸಲವೂ ಅದೇ ಎರಡು ಮಾತು. ನಾನು ಐದು ಸಲ ಬಿಚ್ಚಿದೆ. ಕೊನೆಯ ಸಲ ಸಿಟ್ಟಿನಿಂದ ಬಿಚ್ಚಿದೆ. ಅವನ ಕೊರಳಿನ ಮೇಲೆ ಕೆಂಪು ಗೆರೆ ಮೂಡಿತು.

ಬುಧವಾರ ಬೆಳಿಗ್ಗೆ ಪೆಟ್ಟಿಗೆಯನ್ನು ಹಳೆಯ ಚಾದರದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಚಿಗರಿ ಬಸ್ಸಿನಲ್ಲಿ ನವನಗರಕ್ಕೆ ಹೋದೆ. ಮಾತಾಸರೆಯ ನಿಯಂತ್ರಣ ಕೇಂದ್ರ ಅಲ್ಲಿದೆ. ಕಾವಲಿನವನಿಗೆ ಉತ್ತರಿಸುವಾಗ ತೊದಲಿದೆ. ನನಗೇ ಪಟ್ಟಿ ಬೇಕೇನೋ ಎಂಬ ಹಾಗೆ ಅವನು ನನ್ನ ಕೊರಳು ನೋಡಿದ.

ಒಳಗೆ ಒಂದು ಗೋಡೆಯ ತುಂಬ ಕರ್ನಾಟಕದ ನಕಾಶೆ. ಆರು ಸಾವಿರ ಪೆಟ್ಟಿಗೆಗಳು, ಆರು ಸಾವಿರ ಬಿಳಿ ಚುಕ್ಕೆಗಳು. ಅವುಗಳ ನಡುವೆ ಬೀದರಿನಿಂದ ಚಾಮರಾಜನಗರದ ತನಕ ಕೆಂಪು ಚುಕ್ಕೆಗಳು ಚೆಲ್ಲಿದ್ದವು. ಎಂಜಿನಿಯರ್ ವಿಶಾಲಾಕ್ಷಿ ಮೈಸೂರಿನ ಕಡೆಯವರು. ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ಆರಿದ ಕಾಫಿ.

"ನಾನೂರ ಹನ್ನೆರಡು," ಎಂದರು, ನಾನು ಏನೂ ಕೇಳದಿದ್ದರೂ. "ಎಲ್ಲಾ ಸೋಮವಾರದಿಂದ. ಬನ್ನಿ, ನಿಮ್ಮದನ್ನ ಹಾಕಿ ನೋಡೋಣ. ಪೆಟ್ಟಿಗೇನ ಹೊತ್ಕೊಂಡು ಬಂದವರು ನೀವೊಬ್ಬರೇ. ಬೇರೆ ಮನೆಗಳಿಂದ ನಮಗೆ ಬರೋದು ಬರೀ ತಪ್ಪಿನ ಎಣಿಕೆ. ಒಳಗಿನ ದಾಖಲೆ ನಾವು ಕೇಳೋ ಹಾಗಿಲ್ಲ."

ಕೇಬಲ್ಲು ಸಿಕ್ಕಿಸಿದರು. ಪರದೆಯ ಮೇಲೆ ಗೆರೆಯೊಂದು ಎದ್ದಿತು.

"ನೋಡಿ. ಹಳೇ ಫರ್ಮ್‌ವೇರಿಗೆ ಒಂದು ಅಭ್ಯಾಸ ಇತ್ತು. ಕಡ್ಡಿಗೆ ಸರಿಯಾಗಿ ತಲುಪ್ತಿಲ್ಲ ಅನಿಸಿದ್ರೆ ತಾನೇ ವೋಲ್ಟೇಜು ಸ್ವಲ್ಪ ಏರಿಸೋದು. ಕಿವಿ ಮಂದ ಇರೋರ ಹತ್ರ ಜೋರಾಗಿ ಮಾತಾಡ್ತೀವಲ್ಲ, ಹಾಗೆ. ನಿಮ್ಮ ಎರಡನೇ ಕಡ್ಡಿಗೆ 1.36ರ ತನಕ ಏರಿಸ್ಕೊಂಡಿತ್ತು. ಹಾಗೇ ಕೂಗ್ತಾ ಹೋದ್ರೆ ಕಡ್ಡಿ ಸುಟ್ಟುಹೋಗತ್ತೆ. ಅದಕ್ಕೇ ಹೊಸದ್ರಲ್ಲಿ 1.20ಕ್ಕೆ ಕಟ್ಟಿಹಾಕಿದ್ವಿ."

"ಅಂದ್ರ ತಪ್ಪು ಅಪ್‌ಡೇಟಿಂದು ಅಲ್ಲೇನ್ರಿ?" ನನ್ನ ಎರಡು ದಿನದ ಸಿಟ್ಟು ನೆಲೆ ಇಲ್ಲದೆ ನಿಂತಿತು.

"ತಪ್ಪು ಮೊದಲೇ ಇತ್ತು. ಅಪ್‌ಡೇಟು ಕೂಗೋದು ನಿಲ್ಲಿಸ್ತು, ಅಷ್ಟೆ. ನಡುವೆ ಏನೋ ತಡೀತಿದೆ. ಒಳಗೆ ನೀರು, ಎಣ್ಣೆ ಏನಾದ್ರೂ ಬಿತ್ತಾ?"

"ಇಲ್ರಿ. ಏನೂ ಬಿದ್ದಿಲ್ಲ."

ಸುಳ್ಳು ಹೇಳಲಿಲ್ಲ. ಬಿದ್ದದ್ದು ಏನೂ ಇರಲಿಲ್ಲ.

"ಎಲ್ಲರೂ ಅದನ್ನೇ ಹೇಳ್ತಾರೆ," ಎಂದು ಅವರು ಹಣೆ ಉಜ್ಜಿಕೊಂಡರು. "ಒಂದೇ ಕಂತಿನ ಮಾಲಲ್ಲ, ಒಂದೇ ಊರಲ್ಲ, ಸೆಖೆ ಊರು ತಣ್ಣನೆ ಊರು ಅಂತಿಲ್ಲ. ಅರ್ಜಿಗಳನ್ನ ತೆಗೆದು ನೋಡಿದ್ರೆ ಒಂದೇ ಒಂದು ಹೋಲಿಕೆ, ಅದೂ ಹುಚ್ಚುಹುಚ್ಚಾಗಿ. ಕೆಟ್ಟಿರೋದೆಲ್ಲ ಡ್ರೈವರು, ಟೈಲರು, ಗಿರಣಿ ನಡೆಸೋರು, ಫಿಟ್ಟರು ಇಂಥವರ ಮನೇದು. ಮೇಷ್ಟ್ರು, ಗುಮಾಸ್ತರ ಪೆಟ್ಟಿಗೆ ಒಂದೂ ಕೆಟ್ಟಿಲ್ಲ. ಅವರು ಮಾಡ್ತಿದ್ದ ಕೆಲಸಕ್ಕೂ ಮೆಮೊರಿ ವೋಲ್ಟೇಜಿಗೂ ಏನು ಸಂಬಂಧ, ಹೇಳಿ? ಮೇಲಿನವರು ಕಾಯಲ್ಲ ಅಂತಿದ್ದಾರೆ. ಶುಕ್ರವಾರ ಎಲ್ಲಾ ನಾನೂರ ಹನ್ನೆರಡಕ್ಕೂ ವೋಲ್ಟೇಜು ಏರಿಸಿಬಿಡೋದು ಅಂತ ತೀರ್ಮಾನ. ಆರು ತಿಂಗಳು ನಡೀತವೆ."

"ಆಮ್ಯಾಲ?"

ಅವರು ಕಾಫಿ ಕುಡಿದರು. ಪರದೆಯ ಗೆರೆಯ ಬುಡವನ್ನು ತೋರಿಸಿದರು. "ನಿಮ್ಮದು ಏರೋಕೆ ಶುರುವಾಗಿದ್ದು ಹೋದ ವರ್ಷ, ಅಕ್ಟೋಬರ್ ಹನ್ನೊಂದು. ಬೆಳಿಗ್ಗೆ ಹತ್ತೂ ನಲವತ್ತು. ಅವತ್ತು ಮನೇಲಿ ಏನಾಯ್ತು, ನೆನಪಿದೆಯಾ?"

ನೆನಪಿರಲಿಲ್ಲ. ಆದರೆ ಬರೆದಿಟ್ಟಿರುತ್ತೇನೆ ಎಂದು ಗೊತ್ತಿತ್ತು.

ಮನೆಗೆ ಬಂದು ಚಪ್ಪಲಿ ಬಿಚ್ಚುವ ಮೊದಲೇ ಹಳೆಯ ದಿನಚರಿ ತೆಗೆದೆ. ನನ್ನದೇ ಗುಂಡು ಅಕ್ಷರ:

"ಇಂದು ಖಂಡೆ ಪೂಜೆ. ಅಪ್ಪ ಪೆಟ್ಟಿಗೆಗೂ ಪೂಜೆ ಆಗಲೇಬೇಕು ಎಂದ. ಹೊರಗೆ ಕುಂಕುಮ ಹಚ್ಚಿದರೆ ಒಪ್ಪಲಿಲ್ಲ. 'ಪೂಜಿ ತಗಡಿಗಲ್ಲ, ಕೆಲಸ ಮಾಡೂ ಭಾಗಕ್ಕ' ಅಂದ; ವರ್ಕಶಾಪಿನಲ್ಲಿ ಲೇಥಿನ ಬಾಯಿಗೇ ಹಚ್ಚುತ್ತಿದ್ದರಂತೆ. ಮುಚ್ಚಳ ತೆಗೆಸಿ, ಕೆಲಸ ಮಾಡುವುದು ಯಾವುದು ಎಂದು ಕೇಳಿದ. ಕಡ್ಡಿಗಳನ್ನು ತೋರಿಸಿದೆ. ಅವನ ಎಡಗೈ ಇನ್ನೂ ಪಳಗಿಲ್ಲ ಎಂದು ನಾನೇ ಹಚ್ಚಿದೆ. ಕುಂಕುಮ ತುಸು ನೀರಾಗಿತ್ತು, ಎರಡನೆಯ ಕಡ್ಡಿಯ ಬದಿಯಿಂದ ಕೆಳಗೆ ಇಳಿಯಿತು. ಚೆಂದ ಕಂಡಿತು. ಅಪ್ಪ ಬಹಳ ಖುಷಿಯಲ್ಲಿದ್ದ."

ಮೂರು ದಿನ. ಮೂರು ದಿನ ಅಪ್‌ಡೇಟು ಬರೆದವರನ್ನು, ಸಹಾಯವಾಣಿಯವನನ್ನು, ಕೊಳಲು ಊದಿದವನನ್ನು ಮನಸ್ಸಿನಲ್ಲಿ ಬೈದಿದ್ದೆ. ಟಾರ್ಚು ಬಿಟ್ಟು ಆ ಕೆಂಪನ್ನು ಕಣ್ಣಾರೆ ನೋಡಿ ಸಮಾಧಾನಪಟ್ಟಿದ್ದೆ. ಅಪ್ಪ ಹಣೆಯ ಮೇಲೆ, ಹುಬ್ಬುಗಳ ನಡುವೆ, ಬೊಟ್ಟು ಇಡುವ ಜಾಗದಲ್ಲೇ ಬೆರಳಿಟ್ಟು ಕೂಗಿದ್ದ. ಅವನ ಮಾತಿನ ಊರಿನಲ್ಲಿ ಕುಂಕುಮದ ಪಕ್ಕದ ಮನೆ ಖಾರಪುಡಿಯದು. ಕೆಂಪು ಪುಡಿ ಕೆಂಪು ಪುಡಿಯೇ. ಕೊಟ್ಟದ್ದು ಒಂದು, ತಲುಪಿದ್ದು ಇನ್ನೊಂದು ಎಂದು ಪರದೆ ಹೇಳಿದಾಗ, ನಡುವೆ ಏನೋ ಕೂತಿದೆ ಎಂದು ಬಿ.ಎಸ್ಸಿ. ಮಾಡದ ಲೇಥಿನ ಕೆಲಸಗಾರನಿಗೆ ಹೊಳೆದಿತ್ತು. ನಾನು ಅವನ ಕೊರಳಪಟ್ಟಿ ಬಿಚ್ಚುತ್ತಿದ್ದೆ.

"ಅಪ್ಪಾ," ಎಂದು ಅವನ ಮುಂದೆ ಕೂತು ನನ್ನ ಹಣೆ ಮುಟ್ಟಿಕೊಂಡೆ. "ಕುಂಕುಮ?"

ಅಪ್ಪ ಕಣ್ಣು ಮುಚ್ಚಿ ಉಸಿರು ಬಿಟ್ಟ. ಬಂತಲ್ಲ ಬುದ್ಧಿ ಎನ್ನುವ ಹಾಗೆ ನನ್ನ ತಲೆಯ ಮೇಲೆ ಒಮ್ಮೆ ಹಗುರವಾಗಿ ಮೊಟಕಿದ.

ಸ್ವಚ್ಛ ಮಾಡಿದ್ದು ಅವನೇ. ನಾನು ಕಡ್ಡಿ ಹಿಡಿದೆ, ಅವ್ವ ಟಾರ್ಚು ಹಿಡಿದಳು. ಕಬ್ಬಿಣದ ಗೇಟು ಮುಟ್ಟಿ ಬಾ ಎಂದು ಸನ್ನೆ ಮಾಡಿ, ನನ್ನ ಕೈಯ ಕಿಡಿ ನೆಲಕ್ಕಿಳಿಸಿದ ಮೇಲೆಯೇ ಕಡ್ಡಿ ಮುಟ್ಟಗೊಟ್ಟ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಊದುಬತ್ತಿಯ ಕಡ್ಡಿಗೆ ಸುತ್ತಿ, ಎಡಗೈಯಿಂದ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ, ಕಡ್ಡಿ ಕೂರುವ ಸಂದಿಯೊಳಗೆ ಆಡಿಸಿದ. ಹತ್ತಿ ಕೆಂಪಾಗಿ ಬಂತು. ಇನ್ನೊಂದು, ಅದೂ ಕೆಂಪು. ಏಳನೆಯದು ಬೆಳ್ಳಗೆ ಬಂದಾಗ ಅವ್ವ, "ಮುಗೀತಲ್ರಿ, ಸಾಕಿನ್ನ," ಎಂದಳು. ಅಪ್ಪ ಕೇಳದೆ ಎಂಟನೆಯದನ್ನೂ ಆಡಿಸಿದ.

ಹಚ್ಚಿದೆವು. ಎರಡನೆಯ ಕಡ್ಡಿ: ಕೊಟ್ಟದ್ದು 1.20, ತಲುಪಿದ್ದು 1.20.

ಪಟ್ಟಿ ಹಾಕಿಕೊಂಡು ಅಪ್ಪ ಗಂಟಲು ಸರಿ ಮಾಡಿಕೊಂಡ. ಅದರ ಅಗತ್ಯವಿಲ್ಲ, ಆದರೂ ಮಾಡುತ್ತಾನೆ. "ಅಂತೋನಿ, ಕಷಾಯ ತಾ," ಎಂದಿತು ಪೆಟ್ಟಿಗೆ.

ತಡೆ ಹೋಗಿತ್ತು, ಆದರೆ ಬರೆದ ತಪ್ಪು ಬರೆದಂತೆಯೇ ಉಳಿದಿತ್ತು. ಆ ಮೂರು ದಿನ ಅವನು ಯಾವ ಪದಗಳನ್ನು ಹೆಚ್ಚು ಕೂಗಿದ್ದನೋ ಅವೇ ಹೆಚ್ಚು ಕೆಟ್ಟಿದ್ದವು. ಚಹಾ, ಕುಂಕುಮ, ಮತ್ತು ನಾನು. ಉಳಿದ ಮಾತು ಬಹುಪಾಲು ನೆಟ್ಟಗಿತ್ತು. ಕೆಟ್ಟದ್ದನ್ನು ಮತ್ತೆ ಕಲಿಸಲು ತಿಂಗಳುಗಳು ಬೇಕು; ತಪಾಸಣೆ ಮರುದಿನ.

ಸಂಜೆ ಯೋಜನೆಯ ನಿಯಮಾವಳಿ ಓದಿದೆ. ಹದಿನಾಲ್ಕನೆಯ ನಿಯಮ: ಬಳಕೆದಾರರ ಅಜಾಗರೂಕತೆಯಿಂದ ಹಾನಿಯಾದಲ್ಲಿ ಉಪಕರಣವನ್ನು ಹಿಂಪಡೆಯಲಾಗುವುದು. ಎರಡು ಸಲ ಓದಿದೆ. ಹೇಳಿದರೆ ಅಪ್ಪನ ಪೆಟ್ಟಿಗೆ ಹೋಗುತ್ತದೆ. ಹೇಳದಿದ್ದರೆ ಶುಕ್ರವಾರ ನಾನೂರ ಹನ್ನೆರಡು ಪೆಟ್ಟಿಗೆಗಳ ವೋಲ್ಟೇಜು ಏರುತ್ತದೆ, ಆರು ತಿಂಗಳಲ್ಲಿ ಅಷ್ಟೂ ಮನೆಗಳ ಮಾತು ಸುಟ್ಟುಹೋಗುತ್ತದೆ. ಯಾರ ಮನೆಯಲ್ಲೋ ಒಬ್ಬ ಡ್ರೈವರ್ ಈಗಲೂ ಹಣೆಯ ಮೇಲೆ ಬೆರಳಿಟ್ಟು ಖಾರಪುಡಿ ಎನ್ನುತ್ತಿರಬಹುದು. ಇದನ್ನು ಅಪ್ಪನಿಗೂ ಓದಿ ಹೇಳಿದೆ. ಅವನು ಕೊರಳಪಟ್ಟಿ ಬಿಚ್ಚಿ ನನ್ನ ಕೈಗಿಟ್ಟ. ತೀರ್ಮಾನ ನನಗೇ ಬಿಟ್ಟನೇನೋ ಎಂದು ಅದಕ್ಕೂ ಸಿಟ್ಟು ಬಂತು.

ಗುರುವಾರ ಹನ್ನೊಂದಕ್ಕೆ ಹೇಳಿದವರು ಹನ್ನೆರಡೂಕಾಲಿಗೆ ಬಂದರು. ಡಾಕ್ಟರ್ ಬೆಟಗೇರಿ, ನಿವೃತ್ತಿಗೆ ಹತ್ತಿರದವರು, ಕನ್ನಡಕ ಮೂಗಿನ ತುದಿಗೆ. ಜೊತೆಗೆ ವಿಶಾಲಾಕ್ಷಿ, ಕೈಯಲ್ಲಿ ತಪಾಸಣೆಯ ಉಪಕರಣ. ಅವ್ವ ಅವಲಕ್ಕಿ ತಂದಿಟ್ಟಳು.

"ಶುರು ಮಾಡೂಣೇನ್ರಿ ಫಕೀರಪ್ಪನವರ?"

"ಹೂಂ," ಎಂದ ಅಪ್ಪ.

ಎತ್ತು, ಬಾವಿ, ಕೊಡೆ, ಬಾಳೆಹಣ್ಣು. ಒಂದೊಂದೂ ಸರಿ. ಹದಿನೇಳನೆಯದು ಹಬೆಯಾಡುವ ಚಹಾದ ಕಪ್ಪು. ನಲವತ್ತು ಚಿತ್ರದಲ್ಲಿ ಅದನ್ನೇ ಇಡಬೇಕಿತ್ತೇ? "ಕಷಾಯ," ಎಂದಿತು ಪೆಟ್ಟಿಗೆ. ಡಾಕ್ಟರು ಒಂದು ಗೀಟು ಹಾಕಿದರು. ಇಪ್ಪತ್ತೊಂಬತ್ತನೆಯದು ಗೋಡೆ ಗಡಿಯಾರ. "ಭೋಂಗಾ," ಎಂದಿತು. ಭೋಂಗಾ ಎಂದರೆ ವರ್ಕಶಾಪಿನ ಸೈರನ್ನು; ಅದು ಕೂಗಿದರೆ ಏಳುವುದು, ಕೂಗಿದರೆ ಉಣ್ಣುವುದು. ಅಪ್ಪನಿಗೆ ಅದೇ ಗಡಿಯಾರ. ಎರಡನೆಯ ಗೀಟು. ಅವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಮೂವತ್ತು, ಮೂವತ್ತೈದು, ನಲವತ್ತು. ಸರಿ, ಸರಿ, ಸರಿ.

"ಎರಡ ತಪ್ಪು. ಪಾಸಾದ್ರಿ," ಎಂದು ಡಾಕ್ಟರು ನಕ್ಕು, ಫಾರ್ಮು ತುಂಬತೊಡಗಿದರು. "ಇನ್ನೊಂದೈದು ನಿಮಿಷ ನಿಮ್ಮಷ್ಟಕ್ಕ ನೀವು ಮಾತಾಡ್ರಿ, ಕೇಳ್ತೇನಿ. ಅದರಾಗೂ ತಪ್ಪು ಬಂದ್ರ ಲೆಕ್ಕಕ್ಕ ಹಿಡೀತೇನಿ, ಮೊದಲಽ ಹೇಳಿಬಿಡ್ತೇನಿ."

ವಿಶಾಲಾಕ್ಷಿ ಪೆಟ್ಟಿಗೆಯ ಪರದೆ ನೋಡಿ ಹುಬ್ಬು ಗಂಟಿಕ್ಕಿದ್ದರು. "ನಿಮ್ಮದು ತಾನಾಗೇ ಸರಿ ಹೋಯ್ತಾ? ಆಶ್ಚರ್ಯ. ಬಿಡಿ, ಉಳಿದವಕ್ಕೆ ನಾಳೆ ಬೆಳಿಗ್ಗೆ ಏರಿಸ್ತಿದ್ದೀವಿ."

ಇಬ್ಬರು ಹೊರಗಿನವರು, ಒಂದು ಫಾರ್ಮು, ಹದಿನಾಲ್ಕನೆಯ ನಿಯಮ. ಇನ್ನೈದು ನಿಮಿಷ ಸುಮ್ಮನೆ ಕೂತರೆ ಸಾಕು. ಸುಮ್ಮನೆ ಕೂರುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಅಪ್ಪ ನನ್ನನ್ನೇ ನೋಡುತ್ತಿದ್ದ. ಅವನು ಹವಾಮಾನದ ಬಗ್ಗೆ ಮಾತಾಡಬಹುದಿತ್ತು. ಅವಲಕ್ಕಿಯ ಬಗ್ಗೆ ಮಾತಾಡಬಹುದಿತ್ತು. ನನ್ನ ಹೆಸರೊಂದನ್ನು ಬಿಟ್ಟು ಏನನ್ನಾದರೂ ಹೇಳಬಹುದಿತ್ತು. ಕೊರಳಿನ ಹಸಿರು ದೀಪ ಮಿನುಗಿತು.

"ಅಂತೋನಿ," ಎಂದಿತು ಪೆಟ್ಟಿಗೆ. "ಹೇಳು."

ಡಾಕ್ಟರ ಪೆನ್ನು ಗೀಟಿನ ಮೇಲೆ ನಿಂತಿತು. ಕನ್ನಡಕದ ಮೇಲಿನಿಂದ ನೋಡಿದರು. "ಅಂತೋನಿ ಅಂದ್ರ ಯಾರ್ರೀ?"

ಅವ್ವ ಅವಲಕ್ಕಿಯ ತಟ್ಟೆಯನ್ನು ಡಾಕ್ಟರ ಹತ್ತಿರ ಸರಿಸಿದಳು.

"ನಾನಽ ರೀ," ಎಂದೆ. "ಮನ್ಯಾಗ ನನ್ನ ಹಂಗಽ ಕರೀತಾನ."

"ಹೆಣ್ಮಗಳಿಗೆ ಅಂತೋನಿ?"

"ಅಪ್ಪನ ಪ್ರೀತಿ ದೋಸ್ತನ ಹೆಸರರೀ. ಇನ್ನೊಂದ ಮಾತ ಐತಿ, ಸರ್. ಫಾರ್ಮ್ ಮುಗಸೂಕಿಂತ ಮೊದಲ ಕೇಳ್ರಿ." ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ದಿನಚರಿ ತೆಗೆದು ಹನ್ನೊಂದನೆಯ ತಾರೀಖು ಓದಿದೆ. ಎಂಟು ಹತ್ತಿಯ ಕಡ್ಡಿಗಳನ್ನು ಪೇಪರಿನಲ್ಲಿ ಸುತ್ತಿಟ್ಟಿದ್ದೆ. ಬಿಚ್ಚಿ ಮೇಜಿನ ಮೇಲಿಟ್ಟೆ. "ಬಿದ್ದದ್ದಲ್ಲರೀ ಮೇಡಂ. ನಾವಽ ಹಚ್ಚಿದ್ದು. ಅದಕ್ಕಽ ಯಾರೂ ಬಿದ್ದೈತಿ ಅಂತ ಹೇಳಿಲ್ಲ. ಡ್ರೈವರು, ಟೈಲರು, ಗಿರಣ್ಯಾವರು, ಇವರೆಲ್ಲ ಹೊರಗಿನ ತಗಡಿಗೆ ಪೂಜಿ ಮಾಡೂ ಮಂದಿ ಅಲ್ಲರೀ. ಮುಚ್ಚಳ ತಗದು ಕೆಲಸ ಮಾಡೂ ಭಾಗಕ್ಕ ಹಚ್ಚತಾರ. ವೋಲ್ಟೇಜ್ ಏರಸಬ್ಯಾಡ್ರಿ. ಹತ್ತಿ, ಸ್ಪಿರಿಟ್ಟು ಸಾಕು."

ವಿಶಾಲಾಕ್ಷಿ ಆ ಕೆಂಪು ಹತ್ತಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕೈಯಲ್ಲಿದ್ದ ತಪಾಸಣೆಯ ಉಪಕರಣವನ್ನು ತಿರುಗಿಸಿದರು. ಅದರ ನೆತ್ತಿಯ ಮೇಲೆ, ಒಣಗಿ ಬಿರುಕು ಬಿಟ್ಟ ಕೆಂಪು ಬೊಟ್ಟೊಂದು ಇತ್ತು. ಮೂರು ದಿನದಿಂದ ಅವರೂ ಅದನ್ನು ಹಿಡಿದೇ ಓಡಾಡಿದ್ದರು.

"ದೇವರೇ," ಎಂದು ಫೋನು ಹಿಡಿದು ಅಂಗಳಕ್ಕೆ ಓಡಿದರು.

ಡಾಕ್ಟರು ನಿಯಮಾವಳಿ ತೆರೆದು ಹದಿನಾಲ್ಕನೆಯದರ ಮೇಲೆ ಬೆರಳಿಟ್ಟರು. "ಬಳಕೆದಾರರ ಅಜಾಗರೂಕತೆ..." ಎಂದು ಗೊಣಗಿದರು. "ಹಿಂಗ ಹಿಡದ್ರ ನಾನೂರ ಹನ್ನೆರಡೂ ಪೆಟಗಿ ವಾಪಸ್ ತಗೋಬೇಕು. ಆಮ್ಯಾಲ ಇದನ್ನೂ." ಉಪಕರಣದ ಬೊಟ್ಟನ್ನು ಉಗುರಿನಿಂದ ಕೆರೆದರು, ಅದು ಹೋಗಲಿಲ್ಲ. ಹಾನಿಯ ಕಾರಣ ಎಂಬ ಖಾನೆಯಲ್ಲಿ 'ಧೂಳು' ಎಂದು ಬರೆದು, ಸಹಿ ಹಾಕಿ, ತಣ್ಣಗಾದ ಅವಲಕ್ಕಿ ತಿಂದರು.

ಶುಕ್ರವಾರ ಏರಿಸುವುದು ನಿಂತಿತು. ಹತ್ತಿ ಮತ್ತು ಸ್ಪಿರಿಟ್ಟು ಹಿಡಿದವರು ಊರೂರಿಗೆ ಹೊರಟರು. ಈಗ ಸಹಾಯವಾಣಿಗೆ ಫೋನು ಮಾಡಿದರೆ ಕೊಳಲಿಗಿಂತ ಮೊದಲು ಒಂದು ಪ್ರಕಟಣೆ ಬರುತ್ತದೆ: ಪೂಜಾ ಸಾಮಗ್ರಿಗಳನ್ನು ಉಪಕರಣದ ಹೊರಕವಚಕ್ಕೆ ಮಾತ್ರ ಲೇಪಿಸತಕ್ಕದ್ದು. ಅದನ್ನು ಕೇಳಿದಾಗಲೆಲ್ಲ ಅಪ್ಪ, "ತಗಡಿಗೆ ಪೂಜಿ ಮಾಡ್ರಿ ಮಕ್ಕಳ," ಎಂದು ಹೀಯಾಳಿಸುತ್ತಾನೆ.

ನನ್ನ ಹೆಸರನ್ನು ಮತ್ತೆ ಕಲಿಸಲು ದಿನಕ್ಕೆ ಅರವತ್ತು ಸಲ ಹೇಳಬೇಕು ಎಂದು ವಿಶಾಲಾಕ್ಷಿ ವೇಳಾಪಟ್ಟಿ ಕೊಟ್ಟಿದ್ದಾರೆ. ಅಪ್ಪ ಹತ್ತು ಸಲ ಹೇಳಿ ಬೇಸರವೆಂದು ಪಟ್ಟಿ ಬಿಚ್ಚಿಡುತ್ತಾನೆ. ಕಷಾಯ ಕೇಳಿದರೆ ಅವ್ವ ಚಹಾ ತರುತ್ತಾಳೆ. ಹಾಗಾಗಿ ನಾನಿನ್ನೂ ಅಂತೋನಿ.

ಮೊನ್ನೆ ಮತ್ತೆ ಖಂಡೆ ಪೂಜೆ ಬಂತು. ಕುಂಕುಮದ ಬಟ್ಟಲಲ್ಲಿ ಬೆರಳದ್ದಿ ಅಪ್ಪ ಪೆಟ್ಟಿಗೆಯ ಕಡೆ ಹೊರಟಾಗ ಅವ್ವ ಕಿರುಚಿದಳು. ಅವನು ಮುಚ್ಚಳದ ಮೇಲೆ ಒಂದು ಬೊಟ್ಟಿಟ್ಟು ಸಭ್ಯನ ಹಾಗೆ ತಿರುಗಿದ. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ನನ್ನ ದಿನಚರಿಯ ಮೇಲಿದ್ದ ಶಾಯಿಪೆನ್ನು ಅವನ ಕಣ್ಣಿಗೆ ಬಿತ್ತು. ಕ್ಯಾಪು ತೆಗೆದ. ನಾನು ಬೇಡ ಬೇಡ ಎನ್ನುವುದರೊಳಗೆ, ಬಹಳ ಭಕ್ತಿಯಿಂದ, ನೇರ ನಿಬ್ಬಿಗೇ ಹಚ್ಚಿದ.

"ಕೆಲಸ ಮಾಡೂ ಭಾಗ, ಅಂತೋನಿ," ಎಂದ.

ಅಂದಿನಿಂದ ಪೆನ್ನು ಬರೆಯುತ್ತಿಲ್ಲ. ಇದಿಷ್ಟನ್ನೂ ಅವ್ವನ ಕಿರಾಣಿ ಚೀಟಿ ಬರೆಯುವ ಬಾಲ್‌ಪೆನ್ನಿನಲ್ಲಿ ಬರೆದಿದ್ದೇನೆ.